ಒಂದೇ ಮನೆಯ ಎರಡು ತಂಡ: ಪಚೂಕಾದ ಬೆಳ್ಳಿ ಗಣಿಯಿಂದ ಫಿಫಾ ಕಟಕಟೆಯವರೆಗೆ

2025ರ ಮಾರ್ಚ್ 21ರಂದು ಫಿಫಾ ಮೆಕ್ಸಿಕೋದ ಲೆಯೋನ್ ತಂಡವನ್ನು ಕ್ಲಬ್ ವಿಶ್ವಕಪ್‌ನಿಂದ ಕೈಬಿಟ್ಟಿತು. ಮೈದಾನದಲ್ಲಿ ಲೆಯೋನ್ ಯಾವ ತಪ್ಪನ್ನೂ ಮಾಡಿರಲಿಲ್ಲ. 2023ರಲ್ಲಿ ಕಾಂಕಾಕಾಫ್ ವಲಯದ, ಅಂದರೆ ಉತ್ತರ ಮತ್ತು ಮಧ್ಯ ಅಮೆರಿಕದ ಚಾಂಪಿಯನ್ ಆಗಿ ಅದು ಎರಡು ವರ್ಷ ಮುಂಚೆಯೇ ಜಾಗ ಗಿಟ್ಟಿಸಿಕೊಂಡಿತ್ತು. ಚೆಲ್ಸಿ, ಫ್ಲಮೆಂಗೊ ಮತ್ತು ಟ್ಯುನೀಷಿಯಾದ ಎಸ್ಪೆರಾನ್ಸ್ ಜೊತೆಗಿನ ಗುಂಪೂ ನಿಗದಿಯಾಗಿತ್ತು. ಜನವರಿಯಲ್ಲಷ್ಟೇ ಕೊಲಂಬಿಯಾದ ಹಾಮೆಸ್ ರೊಡ್ರಿಗೆಸ್ ತಂಡ ಸೇರಿದ್ದ. ಪಂದ್ಯಾವಳಿಗೆ ಮೂರೇ ತಿಂಗಳಿರುವಾಗ ಅಷ್ಟೂ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕಾರಣ ಇಷ್ಟೇ: 2024ರ ಚಾಂಪಿಯನ್ ಆಗಿ ಅದೇ ವಿಶ್ವಕಪ್‌ಗೆ ಬಂದಿದ್ದ ಪಚೂಕಾ ತಂಡವೂ ಲೆಯೋನ್‌ನ ಮಾಲೀಕರದ್ದೇ. ಒಬ್ಬನೇ ಮಾಲೀಕನ ಎರಡು ತಂಡಗಳು ಒಂದೇ ಪಂದ್ಯಾವಳಿಯಲ್ಲಿ ಆಡುವಂತಿಲ್ಲ ಎಂದು ನಿಯಮಾವಳಿಯ 10ನೇ ವಿಧಿ ಹೇಳುತ್ತದೆ.

ದೂರು ತಂದದ್ದು ಕೋಸ್ಟರಿಕಾದ ಅಲಾಹ್ವೆಲೆನ್ಸೆ ಕ್ಲಬ್. ಲೆಯೋನ್ ಹೊರಬಿದ್ದರೆ ಆ ಜಾಗ ತನಗೆ ಸಿಗಬೇಕೆಂಬುದು ಅದರ ವಾದ. ಲೆಯೋನ್ ಮತ್ತು ಪಚೂಕಾ ಎರಡೂ ಸ್ವಿಟ್ಜರ್ಲೆಂಡಿನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ ಮೆಟ್ಟಿಲೇರಿದವು. ಲೆಯೋನ್‌ನ ಷೇರುಗಳನ್ನು ಒಂದು ಟ್ರಸ್ಟ್‌ಗೆ ವಹಿಸಿದ್ದೇವೆ, ಆಡಳಿತ ಈಗ ನಮ್ಮ ಕೈಯಲ್ಲಿಲ್ಲ ಎಂಬುದು ಅವುಗಳ ಸಮಜಾಯಿಷಿ. ನ್ಯಾಯಾಲಯ ಒಪ್ಪಲಿಲ್ಲ. ಮೇ 6ರಂದು ಮೇಲ್ಮನವಿಗಳೆಲ್ಲ ವಜಾ ಆದವು, ಅಲಾಹ್ವೆಲೆನ್ಸೆಯದ್ದೂ ಸೇರಿ. ಕೊನೆಗೆ ಖಾಲಿ ಜಾಗಕ್ಕಾಗಿ ಲಾಸ್ ಏಂಜಲಿಸ್ ಎಫ್‌ಸಿ ಮತ್ತು ಮೆಕ್ಸಿಕೋದ ಅಮೆರಿಕ ಕ್ಲಬ್ ನಡುವೆ ಒಂದು ಪಂದ್ಯ ಆಡಿಸಿದರು. ಹೆಚ್ಚುವರಿ ಸಮಯದಲ್ಲಿ ಲಾಸ್ ಏಂಜಲಿಸ್ 2-1ರಿಂದ ಗೆದ್ದಿತು. ಆ ವಲಯದಿಂದ ವಿಶ್ವಕಪ್‌ಗೆ ಬಂದ ತಂಡಕ್ಕೆ ಬರೀ ಹಾಜರಿಗೆ ಸಿಗುವ ಹಣವೇ 95.5 ಲಕ್ಷ ಡಾಲರ್.

ಇದನ್ನು ಕೇವಲ ಕಾನೂನಿನ ತಕರಾರು ಎಂದು ಓದಿ ಮುಗಿಸಬಹುದು. ಆದರೆ ಪಚೂಕಾದ ಹಿನ್ನೆಲೆ ಗೊತ್ತಿದ್ದರೆ ಕಥೆಗೆ ಇನ್ನೊಂದು ಮಗ್ಗುಲು ಕಾಣುತ್ತದೆ. ಮೆಕ್ಸಿಕೋದ ಅತ್ಯಂತ ಹಳೆಯ ಕ್ಲಬ್ ತಾನೇ, ಫುಟ್‌ಬಾಲ್ ಈ ದೇಶಕ್ಕೆ ಕಾಲಿಟ್ಟದ್ದು ತನ್ನ ಊರಿನಲ್ಲೇ ಎಂದು ಹೇಳಿಕೊಳ್ಳುವ ತಂಡ ಅದು. ಇಂಥ ಕ್ಲಬ್ಬುಗಳನ್ನು ನಾವು ಊರಿನ ಆಸ್ತಿ ಎಂದು ಭಾವಿಸುತ್ತೇವೆ. ಪಚೂಕಾ ಹುಟ್ಟಿದ ದಿನದಿಂದಲೂ ಯಾರದೋ ಬಂಡವಾಳದ ನೆರಳಿನಲ್ಲೇ ಬೆಳೆದದ್ದು. ಮಾಲೀಕ ಯಾರು ಎಂಬ ಪ್ರಶ್ನೆ ಅದರ ಮಟ್ಟಿಗೆ ಹೊಸದೇನಲ್ಲ. ಹೊಸದೇನೆಂದರೆ, ಈಗ ಆ ಪ್ರಶ್ನೆಗೆ ದಂಡವೂ ಇದೆ.

ಪಚೂಕಾ ಇದಾಲ್ಗೊ ರಾಜ್ಯದ ರಾಜಧಾನಿ. ಮೆಕ್ಸಿಕೋ ನಗರದಿಂದ ಸುಮಾರು 90 ಕಿಲೋಮೀಟರ್ ದೂರ, ಸಮುದ್ರಮಟ್ಟದಿಂದ 2,400 ಮೀಟರ್ ಎತ್ತರ. ಸದಾ ಗಾಳಿ ಬೀಸುವ ಊರು. ಅದರ ಬೆನ್ನಿಗಿರುವ ಗುಡ್ಡಗಳಲ್ಲಿ, ಇನ್ನೂ ಎತ್ತರದಲ್ಲಿ, ರೆಯಾಲ್ ದೆಲ್ ಮೊಂತೆ ಎಂಬ ಗಣಿ ಪಟ್ಟಣ. ಇಲ್ಲಿ ಬೆಳ್ಳಿ ತೆಗೆಯಲು ಶುರುವಾದದ್ದು ಹದಿನಾರನೇ ಶತಮಾನದಲ್ಲಿ. ಅದಿರಿಗೆ ಪಾದರಸ ಬೆರೆಸಿ ಬೆಳ್ಳಿಯನ್ನು ಬಿಡಿಸುವ ವಿಧಾನವನ್ನು ಬಾರ್ತೊಲೊಮೆ ದೆ ಮೆದೀನಾ ಎಂಬ ಸ್ಪೇನ್‌ನವನು 1550ರ ದಶಕದಲ್ಲಿ ರೂಢಿಗೆ ತಂದದ್ದು ಪಚೂಕಾದಲ್ಲೇ. ಹದಿನೆಂಟನೇ ಶತಮಾನದಲ್ಲಿ ರೆಗ್ಲಾದ ಕೌಂಟ್ ಎಂದು ಹೆಸರಾದ ಪೆದ್ರೊ ರೊಮೆರೊ ದೆ ತೆರ್ರೆರೊಸ್ ಇದೇ ಗಣಿಗಳಿಂದ ಅಪಾರ ಸಂಪತ್ತು ಮಾಡಿದ. 1766ರಲ್ಲಿ ಅವನ ಕೂಲಿಗಳು ಕೆಲಸ ನಿಲ್ಲಿಸಿ ಎದ್ದರು. ಅಮೆರಿಕ ಖಂಡದ ಮೊದಲ ಮುಷ್ಕರಗಳ ಪಟ್ಟಿಯಲ್ಲಿ ಇತಿಹಾಸಕಾರರು ಅದನ್ನು ತಪ್ಪದೆ ಸೇರಿಸುತ್ತಾರೆ.

ಸ್ಪೇನ್ ವಿರುದ್ಧದ ಸ್ವಾತಂತ್ರ್ಯ ಯುದ್ಧ 1821ರಲ್ಲಿ ಮುಗಿಯುವ ಹೊತ್ತಿಗೆ ಗಣಿಗಳಲ್ಲಿ ನೀರು ತುಂಬಿ ಕೆಲಸ ನಿಂತಿತ್ತು. 1824ರಲ್ಲಿ ಲಂಡನ್ನಿನಲ್ಲಿ ರೆಯಾಲ್ ದೆಲ್ ಮೊಂತೆಗಾಗಿ ಒಂದು ಕಂಪನಿ ಹುಟ್ಟಿತು. ಅದರ ಚುಕ್ಕಾಣಿ ಹಿಡಿದವನು ಜಾನ್ ಟೇಲರ್ ಎಂಬ ಗಣಿ ಎಂಜಿನಿಯರ್. ನೀರೆತ್ತುವ ಉಗಿಯಂತ್ರಗಳ ಕೆಲಸದಲ್ಲಿ ಆಗ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನವರನ್ನು ಮೀರಿಸುವವರಿರಲಿಲ್ಲ. ಅಲ್ಲಿನ ತವರ ಮತ್ತು ತಾಮ್ರದ ಗಣಿಗಳಲ್ಲಿ ಪಳಗಿದ ಕೆಲಸಗಾರರನ್ನು, ಸುಮಾರು 1,500 ಟನ್ ಯಂತ್ರ ಸಾಮಗ್ರಿಯನ್ನು ಹಡಗಿಗೆ ತುಂಬಿ ಕಳಿಸಿದರು. ವೆರಾಕ್ರೂಸ್ ಬಂದರಿನ ಬಳಿಯ ಕಡಲ ತೀರದಲ್ಲಿ 1825ರಲ್ಲಿ ಸಾಮಾನು ಇಳಿಯಿತು. ಅಷ್ಟರಲ್ಲಿ ಮಳೆ ಹಿಡಿಯಿತು, ಹಳದಿ ಜ್ವರ ಬಡಿಯಿತು. ಬಂದವರಲ್ಲಿ ಹಲವರು ಅಲ್ಲೇ ಮಣ್ಣಾದರು. ಉಳಿದವರು ಹೇಸರಗತ್ತೆಗಳನ್ನು ಕಟ್ಟಿ, ಕೆಸರಿನಲ್ಲಿ ಹೂತ ಬಾಯ್ಲರ್‌ಗಳನ್ನು ಎಳೆಯುತ್ತಾ ಗಣಿ ತಲುಪುವಾಗ 1826ರ ಮೇ ತಿಂಗಳು.

ಕರ್ನಾಟಕದ ಓದುಗರಿಗೆ ಇಲ್ಲೊಂದು ಪರಿಚಿತ ಹೆಸರಿದೆ. ಇದೇ ಜಾನ್ ಟೇಲರ್ ಕಟ್ಟಿದ ಮನೆತನದ ಸಂಸ್ಥೆ, ಜಾನ್ ಟೇಲರ್ ಅಂಡ್ ಸನ್ಸ್, 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂತು. ಕೆಜಿಎಫ್‌ಗೂ ಕಾರ್ನ್‌ವಾಲ್‌ನಿಂದಲೇ ಗಣಿ ಮೇಸ್ತ್ರಿಗಳು ಬಂದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಳ್ಳುವವರೆಗೂ ಆ ಹೆಸರು ಅಲ್ಲಿ ನಡೆಯಿತು. ಹಾಗಾಗಿ ಪಚೂಕಾದ ಕಥೆ ಓದುವಾಗ ರಾಬರ್ಟ್‌ಸನ್‌ಪೇಟೆಯ ಹಳೆ ತಲೆಗಳಿಗೆ ಅರ್ಧ ಕಥೆ ಮೊದಲೇ ಗೊತ್ತಿದ್ದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಲಂಡನ್ ಕಂಪನಿ ಮೆಕ್ಸಿಕೋದಲ್ಲಿ ಕೈಸುಟ್ಟುಕೊಂಡು 1849ರಲ್ಲಿ ಸ್ಥಳೀಯ ವ್ಯಾಪಾರಿಗಳಿಗೆ ಎಲ್ಲವನ್ನೂ ಮಾರಿತು. ಕೊಂಡವರಿಗೆ ಸ್ವಲ್ಪ ಕಾಲದಲ್ಲೇ ಪಚೂಕಾದ ರೊಸಾರಿಯೊ ಗಣಿಯಲ್ಲಿ ಭರ್ಜರಿ ಅದಿರು ಸಿಕ್ಕಿತು. ವ್ಯಾಪಾರದ ವ್ಯಂಗ್ಯ ಎಂದರೆ ಇದು. 1906ರಲ್ಲಿ ಅಮೆರಿಕದ ಒಂದು ಕಂಪನಿ ಗಣಿಗಳನ್ನು ಕೊಂಡಿತು, 1947ರಲ್ಲಿ ಮೆಕ್ಸಿಕೋ ಸರ್ಕಾರದ ಪಾಲಾದವು. ಒಡೆಯರು ಹೀಗೆ ಬದಲಾಗುತ್ತಲೇ ಇದ್ದರೂ ಕಾರ್ನಿಶ್ ಕುಟುಂಬಗಳು ಜಾಗ ಬಿಡಲಿಲ್ಲ. ಅವರ ಮೆಥಡಿಸ್ಟ್ ಚರ್ಚು ಪಚೂಕಾದಲ್ಲಿದೆ, ಸ್ಮಶಾನ ರೆಯಾಲ್ ದೆಲ್ ಮೊಂತೆಯ ಗುಡ್ಡದ ಮೇಲಿದೆ. ಗಣಿಯಲ್ಲಿ ದುಡ್ಡು ಮಾಡಿದ ಫ್ರಾನ್ಸಿಸ್ ರೂಲ್ ಎಂಬ ಕಾರ್ನಿಶ್‌ನವನ ಬಂಗಲೆಯಲ್ಲಿ ಈಗ ಪಚೂಕಾದ ನಗರಾಡಳಿತ ಕಚೇರಿ ನಡೆಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ತಿಂಡಿ. ಪಾಸ್ತೆ ಎಂದು ಕರೆಯುತ್ತಾರೆ. ಮೈದಾ ಹಿಟ್ಟಿನ ಹಾಳೆಯಲ್ಲಿ ಮಾಂಸ, ಆಲೂಗಡ್ಡೆ, ಈರುಳ್ಳಿ ಜಾತಿಯ ಸೊಪ್ಪು ತುಂಬಿ ಅರ್ಧಚಂದ್ರಾಕಾರಕ್ಕೆ ಮಡಚಿ, ಅಂಚನ್ನು ಹಗ್ಗದಂತೆ ದಪ್ಪಗೆ ಹೆಣೆದು ಬೇಯಿಸುವುದು. ನಮ್ಮ ಕರ್ಜಿಕಾಯಿಯನ್ನು ಅಂಗೈಯಗಲ ಮಾಡಿ, ಎಣ್ಣೆಯ ಬದಲು ಒಲೆಯ ಗೂಡಿನಲ್ಲಿಟ್ಟರೆ ಹೀಗೇ ಕಾಣಬಹುದು. ಗಣಿಯೊಳಗೆ ಕೈತೊಳೆಯಲು ನೀರಿಲ್ಲ. ಕೊಳಕಾದ ಬೆರಳುಗಳಲ್ಲಿ ಆ ದಪ್ಪ ಅಂಚನ್ನು ಹಿಡಿದು ತಿಂದು, ಹಿಡಿದ ಭಾಗವನ್ನು ಎಸೆಯುತ್ತಿದ್ದರಂತೆ. ಕಾರ್ನ್‌ವಾಲ್‌ನ ಸಪ್ಪೆ ಹೂರಣಕ್ಕೆ ಮೆಕ್ಸಿಕೋದವರು ಹಸಿಮೆಣಸು ಸೇರಿಸಿದರು, ಆಮೇಲೆ ಮೋಲೆ ಎಂಬ ಗಾಢ ಮಸಾಲೆ, ಬೀನ್ಸ್ ಕಾಳು, ಕೊನೆಗೆ ಅನಾನಸ್ ಕೂಡ ಒಳಹೊಕ್ಕಿತು. ರೆಯಾಲ್ ದೆಲ್ ಮೊಂತೆಯಲ್ಲಿ ಈಗ ಅದಕ್ಕೊಂದು ವಸ್ತುಸಂಗ್ರಹಾಲಯವೇ ಇದೆ.

ಫುಟ್‌ಬಾಲ್ ಬಂದದ್ದೂ ಇದೇ ಜನರ ಬುತ್ತಿಯ ಜೊತೆ. ಪಾಳಿ ಮುಗಿಸಿ ಬಂದ ಗಣಿ ನೌಕರರು ಬಯಲಿನಲ್ಲಿ ಚೆಂಡು ಒದೆಯುತ್ತಿದ್ದರು. ಮೊದಮೊದಲು ಕ್ರಿಕೆಟ್ಟೂ ಅಷ್ಟೇ ಜೋರಾಗಿತ್ತು. ಅಲ್ಲಿನ ಕ್ರಿಕೆಟ್ ಕೂಟಗಳೂ ಫುಟ್‌ಬಾಲ್ ಆಡುವವರೂ ಸೇರಿಯೇ ಪಚೂಕಾ ಅಥ್ಲೆಟಿಕ್ ಕ್ಲಬ್ ಆದದ್ದು. 1902ರಲ್ಲಿ ಮೆಕ್ಸಿಕೋದ ಮೊದಲ ಲೀಗ್ ಶುರುವಾದಾಗ ಆಡಿದ ಐದು ತಂಡಗಳ ಹೆಸರು ನೋಡಿ: ಪಚೂಕಾ, ಓರಿಸಾಬಾ, ರಿಫಾರ್ಮಾ, ಬ್ರಿಟಿಷ್ ಕ್ಲಬ್, ಮೆಕ್ಸಿಕೋ ಕ್ರಿಕೆಟ್ ಕ್ಲಬ್. ಮೊದಲ ವರ್ಷ ಗೆದ್ದ ಓರಿಸಾಬಾದ ಬೆನ್ನಿಗಿದ್ದದ್ದು ಸೆಣಬಿನ ಗಿರಣಿಯ ಸ್ಕಾಟ್ಲೆಂಡಿನವರು. ಅಂದರೆ ಮೆಕ್ಸಿಕೋದ ಫುಟ್‌ಬಾಲ್ ಮೊದಲ ಹೆಜ್ಜೆಯಿಟ್ಟದ್ದು ವಿದೇಶಿ ಕಂಪನಿಗಳ ಆವರಣದಲ್ಲಿ, ಅದರ ನೌಕರರ ಬಿಡುವಿನ ಆಟವಾಗಿ. ಸುತ್ತಲಿನ ಮೆಕ್ಸಿಕನ್ ಹುಡುಗರು ಬೇಲಿಯಾಚೆ ನಿಂತು ನೋಡುತ್ತಿದ್ದು, ನಿಧಾನವಾಗಿ ಒಳಗೆ ಬಂದರು. ಪಚೂಕಾ 1905, 1918 ಮತ್ತು 1920ರಲ್ಲಿ ಲೀಗ್ ಗೆದ್ದಿತು. ಆ ಹೊತ್ತಿಗೆ ಅದರಲ್ಲಿ ಸ್ಥಳೀಯ ಹೆಸರುಗಳು ಸಾಕಷ್ಟಿದ್ದವು. ಒಂದನೇ ಮಹಾಯುದ್ಧ ಇಂಗ್ಲಿಷ್ ಯುವಕರನ್ನು ಎಳೆದುಕೊಂಡು ಹೋದದ್ದು ಅದಕ್ಕೊಂದು ಮುಖ್ಯ ಕಾರಣ. ಪಚೂಕಾಗೆ ಆಡಿದ ಕಾರ್ನಿಶ್ ಆಟಗಾರ ಆಲ್ಫ್ರೆಡ್ ಕ್ರೌಲ್ ಮೆಕ್ಸಿಕೋದಲ್ಲೇ ನೆಲೆನಿಂತು, 1935ರ ಮಧ್ಯ ಅಮೆರಿಕ ಕ್ರೀಡಾಕೂಟದಲ್ಲಿ ರಾಷ್ಟ್ರೀಯ ತಂಡದ ತರಬೇತುದಾರನಾಗಿ ಚಿನ್ನ ಗೆಲ್ಲಿಸಿದ.

ಕ್ಲಬ್ ಹುಟ್ಟಿದ್ದು ಯಾವಾಗ ಎಂಬುದರಲ್ಲಿ ಎರಡು ಲೆಕ್ಕಗಳಿವೆ. ಒಂದು 1892, ಇನ್ನೊಂದು 1901. ಕ್ಲಬ್ ಈಗ ಹೇಳಿಕೊಳ್ಳುವುದು 1892. ಓರಿಸಾಬಾದವರೂ ಮೊದಲಿಗತನಕ್ಕೆ ಹಕ್ಕು ಸಾಧಿಸುವವರೇ ಆದ್ದರಿಂದ ಈ ಒಂಬತ್ತು ವರ್ಷಗಳ ವ್ಯತ್ಯಾಸಕ್ಕೆ ಬೆಲೆ ಬಂದಿದೆ. ನನ್ನ ದೃಷ್ಟಿಯಲ್ಲಿ ಈ ಜಗಳಕ್ಕಿಂತ ದೊಡ್ಡ ಬಿರುಕು ಬೇರೆಡೆ ಇದೆ. 1920ರ ದಶಕದ ಆರಂಭದಲ್ಲಿ ಈ ಕ್ಲಬ್ ಕಣ್ಮರೆಯಾಯಿತು. ಮತ್ತೆ ಆ ಹೆಸರು ಎದ್ದದ್ದು 1950ರಲ್ಲಿ ಎರಡನೇ ದರ್ಜೆಯ ಲೀಗ್ ಶುರುವಾದಾಗ. ನಡುವಿನ ಸುಮಾರು ಮೂರು ದಶಕ ಖಾಲಿ. ಹಳೆಯ ಕ್ಲಬ್ಬಿಗೂ ಇಂದಿನದ್ದಕ್ಕೂ ಕೊಂಡಿಯಾಗಿರುವುದು ಊರು, ಹೆಸರು ಮತ್ತು ನೆನಪು. ಇಷ್ಟಿದ್ದರೆ ಅದೇ ಕ್ಲಬ್ ಎನ್ನಬಹುದೇ? ಪಚೂಕಾದವರು ಹೌದೆನ್ನುತ್ತಾರೆ, ನನಗೂ ತಕರಾರಿಲ್ಲ. ಆದರೆ ಒಂದು ಮಾತು ನೆನಪಿಟ್ಟುಕೊಳ್ಳಬೇಕು: ಹಾಗೆ ಒಪ್ಪಿದ ಮೇಲೆ ಕ್ಲಬ್ ಅಂದರೆ ಊರು ಎಂದೇ ಒಪ್ಪಿದಂತೆ. ಷೇರುಪತ್ರ ಅದರೊಳಗೆ ಎಲ್ಲಿಯೂ ಬರುವುದಿಲ್ಲ.

ಎರಡನೇ ಜನ್ಮ ಸುಖದ್ದಾಗಿರಲಿಲ್ಲ. 1967ರಲ್ಲಿ ಮೊದಲ ದರ್ಜೆಗೆ ಏರಿತು, 1973ರಲ್ಲಿ ಬಿತ್ತು. 1990ರ ದಶಕದಲ್ಲಿ ಏಣಿಯಾಟ ಶುರುವಾಗಿ, ಏರುವುದು, ಮರುವರ್ಷವೇ ಇಳಿಯುವುದು ರೂಢಿಯಾಯಿತು. 1995ರಲ್ಲಿ ಹೆಸೂಸ್ ಮಾರ್ತಿನೆಸ್ ಪತಿನ್ಯೊ ನೇತೃತ್ವದ ಗುಂಪು ಕ್ಲಬ್ಬನ್ನು ವಹಿಸಿಕೊಂಡಿತು. ಮೆಕ್ಸಿಕೋದಲ್ಲಿ ವರ್ಷಕ್ಕೆ ಎರಡು ಲೀಗ್, ಇಬ್ಬರು ಚಾಂಪಿಯನ್ನರು. 1998ರಲ್ಲಿ ಮತ್ತೆ ಮೇಲೆ ಬಂದ ತಂಡ 1999ರ ಚಳಿಗಾಲದ ಲೀಗನ್ನು ಹಾವಿಯೆರ್ ಅಗಿರ್ರೆ ತರಬೇತಿಯಲ್ಲಿ ಗೆದ್ದಾಗ ಯಾರೂ ನಂಬಲಿಲ್ಲ. ಫೈನಲ್‌ನ ಎರಡನೇ ಪಂದ್ಯ ಮೆಕ್ಸಿಕೋ ನಗರದಲ್ಲಿ, ಎದುರಾಳಿ ಕ್ರೂಸ್ ಅಸೂಲ್. ಹೆಚ್ಚುವರಿ ಸಮಯದಲ್ಲಿ ಗೋಲ್ಡನ್ ಗೋಲ್, ಅಂದರೆ ಬಿದ್ದ ಕೂಡಲೇ ಪಂದ್ಯ ಮುಗಿಸುವ ಗೋಲ್, ಹೊಡೆದವನು ಅಲೆಹಾಂದ್ರೊ ಗ್ಲಾರಿಯಾ. ಇಲ್ಲಿಂದ ಮುಂದಿನದು ಏರುಗತಿ. ಲೀಗ್ ಪ್ರಶಸ್ತಿ ಏಳು, ವಲಯದ ಚಾಂಪಿಯನ್ ಪಟ್ಟ ಆರು. 2006ರ ಡಿಸೆಂಬರಿನಲ್ಲಿ ಚಿಲಿಯ ಕೊಲೊ-ಕೊಲೊ ತಂಡವನ್ನು ಅದರ ನೆಲದಲ್ಲೇ 2-1ರಿಂದ ಮಣಿಸಿ ಕೋಪಾ ಸುಡಾಮೆರಿಕಾನ ಎತ್ತಿದ್ದು ಇವೆಲ್ಲದರ ಕಳಶ. ದಕ್ಷಿಣ ಅಮೆರಿಕದವರ ಕ್ಲಬ್ ಪ್ರಶಸ್ತಿಯೊಂದನ್ನು ಗೆದ್ದ ಮೆಕ್ಸಿಕೋ ತಂಡ ಅದೊಂದೇ.

ಆ ವರ್ಷಗಳ ಗೋಲ್‌ಕೀಪರ್ ಮಿಗೆಲ್ ಕಲೆರೊ ಕೊಲಂಬಿಯಾದವನು. 2000ದಲ್ಲಿ ಬಂದವನು ಪಚೂಕಾದವನೇ ಆಗಿಹೋದ. 2012ರ ಡಿಸೆಂಬರಿನಲ್ಲಿ 41ರ ವಯಸ್ಸಿಗೇ ತೀರಿಕೊಂಡಾಗ ಇದಾಲ್ಗೊ ಸ್ಟೇಡಿಯಂನಲ್ಲಿ ಊರಿಗೆ ಊರೇ ಸೇರಿ ಅವನನ್ನು ಬೀಳ್ಕೊಟ್ಟಿತು. ಹೊರಗಿನಿಂದ ಬಂದವರನ್ನು ಒಳಗೆ ಮಾಡಿಕೊಳ್ಳುವ ಈ ಅಭ್ಯಾಸ ಆ ಊರಿಗೆ 1826ರಿಂದಲೂ ಇದೆ.

ಮಾರ್ತಿನೆಸ್ ಕಟ್ಟಿದ ವ್ಯವಸ್ಥೆಯ ಗುಟ್ಟು ಎಳೆಯರ ತರಬೇತಿಯಲ್ಲಿತ್ತು. ಊರಿನ ಹೊರಗೆ ಫುಟ್‌ಬಾಲ್ ಮತ್ತು ಕ್ರೀಡಾ ವಿಜ್ಞಾನಕ್ಕೆಂದೇ ವಿಶ್ವವಿದ್ಯಾಲಯ ತೆರೆದರು. ಎಕ್ತೊರ್ ಎರ್ರೆರಾ ಪಚೂಕಾದಿಂದ 2013ರಲ್ಲಿ ಪೋರ್ಚುಗಲ್‌ನ ಪೋರ್ಟೊಗೆ ಹೋದ, ಇರ್ವಿಂಗ್ ಲೊಸಾನೊ 2017ರಲ್ಲಿ ನೆದರ್ಲೆಂಡ್ಸ್‌ನ ಪಿಎಸ್‌ವಿಗೆ ಹೋದ. ಆಟಗಾರರನ್ನು ಬೆಳೆಸಿ ಮಾರಿ ಬಂದ ಹಣದಲ್ಲಿ ಬದುಕುವ ಕ್ಲಬ್ಬಿಗೆ ಒಂದು ತಲೆನೋವು ಇದ್ದೇ ಇರುತ್ತದೆ: ಬೆಳೆಸಿದವರೆಲ್ಲ ಆಡಲು ಒಂದೇ ತಂಡದಲ್ಲಿ ಜಾಗ ಸಾಲದು. ಎರಡನೇ ತಂಡ ಇದ್ದರೆ ಅನುಕೂಲ. ಹೀಗಾಗಿ ಗುಂಪು ಬೆಳೆಯಿತು. 2010ರ ಕೊನೆಗೆ ಲೆಯೋನ್ ಬಂತು. 2016ರಲ್ಲಿ ಚಿಲಿಯ ಎವರ್ಟನ್, 2022ರಲ್ಲಿ ಸ್ಪೇನಿನ ರೆಯಾಲ್ ಒವಿಯೆದೊ.

ಲೆಯೋನ್ ವಿಷಯದಲ್ಲಿ ಮಾಲೀಕರ ಪರವಾಗಿ ಹೇಳಬೇಕಾದದ್ದು ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಚರ್ಮೋದ್ಯಮದ ಊರಾದ ಲೆಯೋನ್‌ನ ತಂಡ 2002ರಲ್ಲಿ ಕೆಳಗೆ ಬಿದ್ದು ಹತ್ತು ವರ್ಷ ಎರಡನೇ ದರ್ಜೆಯಲ್ಲೇ ಒದ್ದಾಡಿತ್ತು. ಪಚೂಕಾ ಗುಂಪು ಕೈಹಾಕಿದ ಮೇಲೆ 2012ರಲ್ಲಿ ಮೇಲೆ ಬಂತು. 2013ರ ದ್ವಿತೀಯಾರ್ಧದ ಲೀಗ್ ಗೆದ್ದು, 2014ರ ಪ್ರಥಮಾರ್ಧದ್ದನ್ನೂ ಗೆದ್ದಿತು. ಆ 2014ರ ಫೈನಲ್‌ನಲ್ಲಿ ಎದುರಿಗೆ ಬಂದದ್ದು ಯಾರು ಗೊತ್ತೇ? ಪಚೂಕಾ. ಲೆಯೋನ್‌ನಲ್ಲಿ ನಡೆದ ಮೊದಲ ಪಂದ್ಯವನ್ನು ಪಚೂಕಾ 3-2ರಿಂದ ಗೆದ್ದಿತು. ಎರಡನೆಯದು ಪಚೂಕಾದಲ್ಲಿ, ಅಲ್ಲಿ ಲೆಯೋನ್ ಹೆಚ್ಚುವರಿ ಸಮಯದವರೆಗೆ ಎಳೆದು 2-0ರಿಂದ ಗೆದ್ದು ಒಟ್ಟು 4-3ರಲ್ಲಿ ಕಪ್ ಎತ್ತಿತು. ಎರಡೂ ತಂಡ ತಮ್ಮ ತವರಿನಲ್ಲಿ ಸೋತ ಫೈನಲ್ ಅದು. ಬಿಸಿಬಿಸಿ ಪಂದ್ಯಗಳೇ, ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಆದರೂ ಮಾಲೀಕರ ಕಪಾಟಿನ ಲೆಕ್ಕದಲ್ಲಿ ಫಲಿತಾಂಶ ಶಿಳ್ಳೆ ಊದುವ ಮೊದಲೇ ತೀರ್ಮಾನವಾಗಿತ್ತು, ಕಪ್ ಮನೆಗೇ ಬರುತ್ತಿತ್ತು.

ಐಪಿಎಲ್ ನೋಡುವವರಿಗೆ ಒಬ್ಬ ಮಾಲೀಕನಿಗೆ ಹಲವು ತಂಡ ಎಂಬುದು ಹೊಸದಲ್ಲ. ಮುಂಬೈ ಇಂಡಿಯನ್ಸ್‌ನವರಿಗೆ ದಕ್ಷಿಣ ಆಫ್ರಿಕ, ಯುಎಇ, ಅಮೆರಿಕದ ಲೀಗ್‌ಗಳಲ್ಲೂ ತಂಡಗಳಿವೆ. ಆದರೆ ಐಪಿಎಲ್ ಒಳಗೆ ಒಬ್ಬರಿಗೆ ಒಂದೇ. ಮೆಕ್ಸಿಕೋದಲ್ಲಿ ಆ ಗೆರೆಯೇ ಅಳಿಸಿಹೋಗಿತ್ತು. 2025ರ ಆರಂಭದಲ್ಲಿ ಮೊದಲ ದರ್ಜೆಯ 18 ಕ್ಲಬ್‌ಗಳಲ್ಲಿ ಎಂಟು ನಾಲ್ಕೇ ಗುಂಪುಗಳ ಕೈಯಲ್ಲಿದ್ದವು: ಪಚೂಕಾ ಮತ್ತು ಲೆಯೋನ್ ಒಂದು ಕಡೆ, ಓರ್ಲೆಗಿ ಗುಂಪಿನ ಅಟ್ಲಾಸ್ ಮತ್ತು ಸಾಂತೋಸ್ ಇನ್ನೊಂದು ಕಡೆ, ಟಿವಿ ಅಸ್ತೆಕಾದ ಸಲೀನಾಸ್ ಮನೆತನದ ಪುವೆಬ್ಲಾ ಮತ್ತು ಮಸಾತ್ಲಾನ್, ಜೂಜಿನ ಉದ್ಯಮಿಗಳಾದ ಕಾಲಿಯೆಂತೆ ಗುಂಪಿನ ತಿಹ್ವಾನಾ ಮತ್ತು ಕೆರೆತಾರೊ. ಕುರ್ಚಿ ಹದಿನೆಂಟು, ಮನೆ ಹದಿನಾಲ್ಕು.

ಇದರಲ್ಲಿ ಕೆಲವು ಜೋಡಿ ಆಸೆಯಿಂದ ಆದದ್ದು, ಕೆಲವು ಆಪತ್ತಿನಿಂದ. 2022ರ ಮಾರ್ಚ್ 5ರಂದು ಕೆರೆತಾರೊ ಮೈದಾನದಲ್ಲಿ ಅಟ್ಲಾಸ್ ಬೆಂಬಲಿಗರ ಮೇಲೆ ಭೀಕರ ಹಲ್ಲೆ ನಡೆದ ಮೇಲೆ ಲೀಗ್ ಆಗಿನ ಮಾಲೀಕರನ್ನು ಕಿತ್ತುಹಾಕಿ, ಹಳೆಯ ಮಾಲೀಕರಾದ ಕಾಲಿಯೆಂತೆಗೇ ಕ್ಲಬ್ಬನ್ನು ಮರಳಿಸಿತು. ಲೀಗ್ ಎರಡನೇ ತಂಡವನ್ನು ತಾನೇ ಕಟ್ಟಿಕೊಟ್ಟ ಉದಾಹರಣೆ ಇದು. ಇನ್ನೊಂದು ತುದಿಯಲ್ಲಿ ಮೊರೆಲಿಯಾ ಇದೆ. 2020ರಲ್ಲಿ ಸಲೀನಾಸ್ ಗುಂಪು ಆ ಊರಿನ ತಂಡವನ್ನು ಬೇರು ಸಮೇತ ಕಿತ್ತು ಕಡಲತೀರದ ಮಸಾತ್ಲಾನ್‌ಗೆ ಒಯ್ದು ಹೊಸ ಹೆಸರಿಟ್ಟಿತು. ಮೊರೆಲಿಯಾದವರು ಬೀದಿಗಿಳಿದರು, ಏನೂ ಆಗಲಿಲ್ಲ. ಕ್ಲಬ್ ಅಂದರೆ ಊರು ಎಂಬ ನಂಬಿಕೆಗೆ ಅಲ್ಲಿ ಕವಡೆ ಕಿಮ್ಮತ್ತೂ ಸಿಗಲಿಲ್ಲ.

ಈ ಪದ್ಧತಿಯ ಪರ ವಾದಿಸುವವರು ಒಂದು ಲೆಕ್ಕ ಮುಂದಿಡುತ್ತಾರೆ. ಒಂದು ಲೀಗ್‌ನಲ್ಲಿ ಪ್ರತಿ ತಂಡ 17 ಪಂದ್ಯ ಆಡುತ್ತದೆ, ಒಟ್ಟು 153 ಪಂದ್ಯ. ಸೋದರ ತಂಡಗಳು ಮುಖಾಮುಖಿಯಾಗುವುದು ಅದರಲ್ಲಿ ನಾಲ್ಕು ಮಾತ್ರ. ಇದಕ್ಕೇಕೆ ಇಷ್ಟು ರಂಪ? ಲೆಕ್ಕ ಸರಿ, ನೋಡುವ ಜಾಗ ತಪ್ಪು. ಮುಖಾಮುಖಿಯಲ್ಲಿ ಮೋಸ ಮಾಡುವಷ್ಟು ದಡ್ಡರು ಯಾರೂ ಇಲ್ಲ, ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ. ಗಮನಿಸಬೇಕಾದದ್ದು ಉಳಿದ ಕಡೆ: ಒಳ್ಳೆಯ ಆಟಗಾರ ಈ ತಂಡದಿಂದ ಆ ತಂಡಕ್ಕೆ ಯಾವ ಬೆಲೆಗೆ ಹೋಗುತ್ತಾನೆ, ಬೆಲೆ ಕಟ್ಟುವವನೂ ಕೊಡುವವನೂ ಒಬ್ಬನೇ ಆದಾಗ ಆ ಅಂಕಿಗೆ ಏನರ್ಥ? ಒಂದು ತಂಡಕ್ಕೆ ಕಪ್ಪಿನ ಆಸೆ ಇಲ್ಲವಾದ ವರ್ಷ ಅದರ ಗಾಯಾಳು ಜಾಗಕ್ಕೆ ಹೊಸಬರು ಬರುತ್ತಾರೋ, ಸೋದರ ತಂಡದ ಕಡೆ ತಿರುಗುತ್ತಾರೋ? ಮಾಲೀಕರ ಸಭೆಯಲ್ಲಿ ನಿಯಮ ಬದಲಿಸುವ ಮಾತು ಬಂದಾಗ ಎರಡು ಕುರ್ಚಿ ಇರುವವರು ತಮ್ಮದೇ ಒಂದು ಕುರ್ಚಿಯನ್ನು ಕಳೆದುಕೊಳ್ಳಲು ಕೈ ಎತ್ತುವರೇ? 2013ರಲ್ಲಿ ಮಾಲೀಕರೇ ಸೇರಿ ಬಹು ಒಡೆತನಕ್ಕೆ ಕಡಿವಾಣ ಹಾಕುವುದಾಗಿ ತೀರ್ಮಾನಿಸಿದ್ದರು. ಹನ್ನೆರಡು ವರ್ಷದ ಮೇಲೂ ಎಂಟು ಕ್ಲಬ್ ನಾಲ್ಕು ಕೈಗಳಲ್ಲೇ ಇದ್ದದ್ದನ್ನು ನೋಡಿದರೆ ಉತ್ತರ ಗೊತ್ತಾಗುತ್ತದೆ. ಈ ನಡುವೆ 2021ರ ಕೊನೆಯ ಫೈನಲ್ ಅಟ್ಲಾಸ್ ಮತ್ತು ಲೆಯೋನ್ ನಡುವೆ, ಅದರ ಮುಂದಿನದು ಅಟ್ಲಾಸ್ ಮತ್ತು ಪಚೂಕಾ ನಡುವೆ ನಡೆಯಿತು. ಒಂದು ವರ್ಷದ ಎರಡೂ ಫೈನಲ್ ಎರಡೇ ಗುಂಪುಗಳ ನಡುವಿನ ವ್ಯವಹಾರವಾಗಿತ್ತು.

ಆದ್ದರಿಂದ ಫಿಫಾದ ನಿಯಮ ಸರಿ ಎನ್ನುವವರ ಕಡೆಗೇ ನಾನು. ಅದನ್ನು ಜಾರಿಮಾಡಿದ ರೀತಿ ಮಾತ್ರ ಒಪ್ಪುವಂಥದ್ದಲ್ಲ. 2024ರ ಜೂನ್ 1ರಂದು ಪಚೂಕಾ ತನ್ನ ಮೈದಾನದಲ್ಲಿ ಕೊಲಂಬಸ್ ಕ್ರೂ ತಂಡವನ್ನು 3-0ಯಿಂದ ಸೋಲಿಸಿ ಚಾಂಪಿಯನ್ ಆದ ಕ್ಷಣದಲ್ಲೇ ಈ ತೊಡಕು ಎಲ್ಲರಿಗೂ ಗೊತ್ತಿತ್ತು. ಗುಂಪು ಹಂಚಿಕೆ ಆದದ್ದು ಡಿಸೆಂಬರಿನಲ್ಲಿ. ಎರಡು ತಂಡಗಳನ್ನೂ ಚೀಟಿಯಲ್ಲಿ ಸೇರಿಸಿ, ಟಿಕೆಟ್ ಮಾರಿ, ಮಾರ್ಚ್‌ನಲ್ಲಿ ಒಂದನ್ನು ತೆಗೆದರು. ಎರಡೂ ಕ್ಲಬ್ ನಿಯಮ ಪಾಲಿಸಿಲ್ಲ ಎಂದ ಫಿಫಾ ಹೊರಹಾಕಿದ್ದು ಒಂದನ್ನು ಮಾತ್ರ. ಆಗ ಲೆಯೋನ್‌ನ ಅಧ್ಯಕ್ಷ ಮಾರ್ತಿನೆಸ್ ಅವರ ಸ್ವಂತ ಮಗ. ಹೀಗಿರುವಾಗ ಟ್ರಸ್ಟ್‌ನ ಮಾತನ್ನು ನ್ಯಾಯಾಲಯ ನಂಬದೇ ಹೋದದ್ದಕ್ಕೆ ಯಾರೂ ಬೆರಗಾಗಬೇಕಿಲ್ಲ. ಆದರೂ ದಂಡ ತೆತ್ತವರು ಮಾಲೀಕರಿಗಿಂತ ಹೆಚ್ಚಾಗಿ ಲೆಯೋನ್‌ನ ಆಟಗಾರರು ಮತ್ತು ಅಭಿಮಾನಿಗಳು. ದೊಡ್ಡವರ ಜಗಳದಲ್ಲಿ ಕೂಸು ಬಡವಾಯಿತು. ಉಳಿದುಕೊಂಡ ಪಚೂಕಾ ಅಮೆರಿಕಕ್ಕೆ ಹೋಗಿ ಸಾಲ್ಸ್‌ಬರ್ಗ್‌ಗೆ 2-1, ರಿಯಲ್ ಮ್ಯಾಡ್ರಿಡ್‌ಗೆ 3-1, ಅಲ್ ಹಿಲಾಲ್‌ಗೆ 2-0 ಅಂತರದಲ್ಲಿ ಸೋತು ಮೂರೇ ಪಂದ್ಯಕ್ಕೆ ಮನೆಗೆ ಬಂತು.

ಇತ್ತ ಸ್ಪೇನಿನಲ್ಲಿ ಬೇರೊಂದು ವಿಚಿತ್ರ ನಡೆಯುತ್ತಿದೆ. ಒವಿಯೆದೊ ಇರುವ ಆಸ್ತೂರಿಯಾಸ್ ಕಲ್ಲಿದ್ದಲು ಗಣಿಗಳ ನಾಡು. ಅಲ್ಲಿ ಒವಿಯೆದೊಗೆ ಹುಟ್ಟು ವೈರಿ ಎಂದರೆ ಪಕ್ಕದ ಊರಿನ ಸ್ಪೋರ್ಟಿಂಗ್ ಹಿಹೋನ್. 2022ರ ಬೇಸಿಗೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಹಿಹೋನನ್ನು ಓರ್ಲೆಗಿ ಕೊಂಡಿತು, ಒವಿಯೆದೊವನ್ನು ಪಚೂಕಾ ಗುಂಪು ಕೊಂಡಿತು. ಮೆಕ್ಸಿಕೋದ ಎರಡು ಫೈನಲ್ ಆಡಿದ್ದ ಅದೇ ಇಬ್ಬರು ಮಾಲೀಕರು ಈಗ ಸ್ಪೇನಿನ ಗಣಿಗಾರರ ನಾಡಿನಲ್ಲಿ ಎದುರಾಬದುರು ಕುಳಿತಿದ್ದಾರೆ. ಇನ್ನೂರು ವರ್ಷದ ಹಿಂದೆ ಯುರೋಪಿನ ದುಡ್ಡು ಮೆಕ್ಸಿಕೋದ ಗಣಿ ಊರಿಗೆ ಬಂದಿತ್ತು, ಈಗ ಗಣಿ ಊರಿನಲ್ಲಿ ಬೆಳೆದ ದುಡ್ಡು ಯುರೋಪಿನ ಗಣಿ ಊರಿಗೆ ಹೋಗಿದೆ. 2025ರ ಜೂನ್‌ನಲ್ಲಿ ಒವಿಯೆದೊ 24 ವರ್ಷಗಳ ಬಳಿಕ ಸ್ಪೇನಿನ ಮೊದಲ ದರ್ಜೆಯಾದ ಲಾ ಲಿಗಾಗೆ ಮರಳಿತು. ಅಲ್ಲಿನ ಅಭಿಮಾನಿಗಳಿಗೆ ಮಾಲೀಕರ ಮೇಲೆ ಆಗ ಕೋಪವೇನೂ ಇದ್ದಿರಲಿಕ್ಕಿಲ್ಲ.

ಮುಂದೇನು ಎಂದರೆ, ಬಹು ಒಡೆತನ ಕೊನೆಗಾಣಬೇಕು ಎಂದು ಮೆಕ್ಸಿಕೋದ ಲೀಗ್ ಈಗ ಬಾಯಿಬಿಟ್ಟು ಹೇಳುತ್ತಿದೆ. 2025ರಲ್ಲಿ ಕೆರೆತಾರೊವನ್ನು ಅಮೆರಿಕದ ಹೂಡಿಕೆದಾರರು ಕೊಂಡದ್ದು ಮೊದಲ ಹೆಜ್ಜೆ. ಲೆಯೋನ್‌ನ ಮೇಲೂ ಅದೇ ಒತ್ತಡವಿದೆ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. 2020ರಲ್ಲಿ ಲೀಗ್ ಏರಿಳಿತದ ಪದ್ಧತಿಯನ್ನೇ ನಿಲ್ಲಿಸಿತು. ಕೊನೆಯ ಸ್ಥಾನಕ್ಕೆ ಬಿದ್ದವರು ಕೆಳಗಿನ ದರ್ಜೆಗೆ ಹೋಗುವ ಬದಲು ದಂಡ ಕಟ್ಟುತ್ತಾರೆ, ಕೆಳಗಿನವರು ಎಷ್ಟು ಗೆದ್ದರೂ ಮೇಲೆ ಬರುವಂತಿಲ್ಲ. ಲೆಯೋನ್ 2012ರಲ್ಲಿ ಹತ್ತಿದ ಮೆಟ್ಟಿಲನ್ನು ಹೀಗೆ ತೆಗೆದಿಟ್ಟಿದ್ದಾರೆ. ಮೊದಲ ದರ್ಜೆಗೆ ಬರಬೇಕೆಂದರೆ ಹದಿನೆಂಟರಲ್ಲಿ ಒಂದನ್ನು ಕೊಂಡುಕೊಳ್ಳುವುದೊಂದೇ ದಾರಿ. ಇಂಥ ಕಾಲದಲ್ಲಿ ಎರಡರಲ್ಲಿ ಒಂದನ್ನು ಮಾರಬೇಕೆಂದು ಒತ್ತಾಯಿಸಿದರೆ ಮಾಲೀಕರಿಗೆ ನಷ್ಟವೇನಿಲ್ಲ, ಇಳಿಯುವ ಭಯವಿಲ್ಲದ ಕುರ್ಚಿಗೆ ಕೊಳ್ಳುವವರು ಸಾಲುಗಟ್ಟುತ್ತಾರೆ. ಕೊಂಡವರು ಲೆಯೋನ್ ತಂಡವನ್ನು ಲೆಯೋನ್‌ನಲ್ಲೇ ಇಟ್ಟುಕೊಳ್ಳಬೇಕೆಂದು ಅವರನ್ನು ಕಟ್ಟಿಹಾಕುವ ಷರತ್ತು ಬರುತ್ತದೋ ಇಲ್ಲವೋ ಎಂಬುದನ್ನು ಆ ಊರಿನವರು ಈಗಿಂದಲೇ ಕೇಳಬೇಕು. ಮೊರೆಲಿಯಾದವರಿಗೆ ಕೇಳಲು ಸಮಯವೇ ಸಿಕ್ಕಿರಲಿಲ್ಲ.